ನದಿ ಕಣಿವೆಗಳಲ್ಲಿ ಸೈಕಲ್ ಟೂರ್: ದಾರಿ ಆರಿಸುವುದರಿಂದ ದಿಬ್ಬ ದಾಟುವವರೆಗೆ

ದಿನಕ್ಕೆ ಎಷ್ಟು ಕಿಲೋಮೀಟರ್ ತುಳಿಯಬೇಕು? ಸೈಕಲ್ ಟೂರ್ ಹೊರಡುವವರು ಮೊದಲು ಕೇಳುವುದು ಇದನ್ನೇ. ನನ್ನ ಪ್ರಕಾರ ಇದು ಮೂರನೆಯದೋ ನಾಲ್ಕನೆಯದೋ ಆಗಬೇಕಾದ ಪ್ರಶ್ನೆ. ನದಿಯ ಜೊತೆಗೇ ಸಾಗುವ 60 ಕಿಲೋಮೀಟರ್ ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿದುಬಿಡಬಹುದು. ಅದೇ 60 ಕಿಲೋಮೀಟರನ್ನು ಒಂದಾದ ಮೇಲೊಂದು ಹಳ್ಳ ಇಳಿದು, ದಿಬ್ಬ ಹತ್ತಿ, ಮತ್ತೆ ಇಳಿದು ಮುಗಿಸುವುದಾದರೆ ಕತ್ತಲಾಗುವ ಹೊತ್ತಿಗೆ ಸೈಕಲ್ ತಳ್ಳಿಕೊಂಡು ಊರು ಸೇರಬೇಕಾಗುತ್ತದೆ. ದೂರ ಒಂದೇ. ಬದಲಾಗಿದ್ದು ನೀರಿನ ಜೊತೆ ಹೋದಿರಾ, ನೀರಿಗೆ ಅಡ್ಡ ಹೋದಿರಾ ಅನ್ನುವುದು ಮಾತ್ರ.

ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಮೊದಲು ನೀರು, ಆಮೇಲೆ ಗಾಳಿ, ಅದಾದ ಮೇಲೆ ಏರಿನ ಲೆಕ್ಕ. ಸೈಕಲ್ಲು, ಬ್ಯಾಗು ಎಲ್ಲ ಅದರ ನಂತರ.

ಹಂತ 1: ಮ್ಯಾಪ್‌ನಲ್ಲಿ ರಸ್ತೆ ನೋಡಬೇಡಿ, ನೀರು ನೋಡಿ

ಎತ್ತರದ ಗೆರೆಗಳಿರುವ ಮ್ಯಾಪ್ ಬೇಕು. ಶಾಲೆಯ ಭೂಗೋಳದಲ್ಲಿ ಸಮೋನ್ನತಿ ರೇಖೆ ಅಂತ ಓದಿರುತ್ತೀರಲ್ಲ, ಅದೇ. ಓಪನ್‌ಟೋಪೋಮ್ಯಾಪ್, ಸೈಕ್ಲ್‌ಓಎಸ್‌ಎಂ ಎರಡೂ ಪುಕ್ಕಟೆ ಸಿಗುತ್ತವೆ, ಎರಡರಲ್ಲೂ ಈ ಗೆರೆಗಳಿವೆ. ಸೈಕ್ಲ್‌ಓಎಸ್‌ಎಂನಲ್ಲಿ ಸೈಕಲ್ ದಾರಿಗಳೂ ಎದ್ದು ಕಾಣುತ್ತವೆ.

ಮೊದಲು ದೊಡ್ಡ ನದಿ ಹುಡುಕಿ. ಆಮೇಲೆ ಅದಕ್ಕೆ ಬಂದು ಸೇರುವ ಸಣ್ಣ ಹೊಳೆಗಳನ್ನು ಒಂದೊಂದಾಗಿ ಬೆರಳಿಟ್ಟು ಮೇಲಕ್ಕೆ ಹಿಂಬಾಲಿಸಿ. ಹೊಳೆ ದಾಟುವ ಕಡೆ ಎತ್ತರದ ಗೆರೆಗಳು ಇಂಗ್ಲಿಷಿನ ವಿ ಅಕ್ಷರದ ಹಾಗೆ ಬಾಗುತ್ತವೆ, ಆ ವಿ ತುದಿ ಯಾವಾಗಲೂ ಹೊಳೆಯ ಮೇಲ್ಭಾಗದ ಕಡೆಗೇ ತೋರಿಸುತ್ತದೆ. ಇದೊಂದು ಗೊತ್ತಾದರೆ ನದಿ ಯಾವ ಕಡೆ ಹರಿಯುತ್ತದೆ, ಎಲ್ಲಿ ಕಣಿವೆ, ಎಲ್ಲಿ ಎರಡು ಕಣಿವೆಗಳ ನಡುವಿನ ದಿಬ್ಬದ ಬೆನ್ನು ಅನ್ನುವುದೆಲ್ಲ ತಾನಾಗೇ ಬಿಡಿಸಿಕೊಳ್ಳುತ್ತದೆ.

ಈಗ ನಿಮ್ಮ ರಸ್ತೆ ಈ ನೀರಿನ ಜೊತೆಗೆ ಹೇಗೆ ನಡೆದುಕೊಳ್ಳುತ್ತದೆ ನೋಡಿ. ನೀರಿನ ಪಕ್ಕದಲ್ಲೇ ಹೋದರೆ ಸುಲಭ. ದಿಬ್ಬದ ಬೆನ್ನ ಮೇಲೆ ಹೋದರೂ ಪರವಾಗಿಲ್ಲ, ಒಮ್ಮೆ ಹತ್ತಿದ ಮೇಲೆ ದೊಡ್ಡ ಏರಿಳಿತ ಇರುವುದಿಲ್ಲ. ಕಷ್ಟ ಇರುವುದು ಹೊಳೆಗಳನ್ನು ಅಡ್ಡಡ್ಡ ಕತ್ತರಿಸಿಕೊಂಡು ಹೋಗುವ ರಸ್ತೆಯಲ್ಲಿ. ಅಲೆಅಲೆಯಾದ ದಿಬ್ಬಗಳ ನಾಡು ಫೋಟೋದಲ್ಲಿ ಎಷ್ಟು ಮೃದುವಾಗಿ ಕಾಣುತ್ತದೋ ಕಾಲಿಗೆ ಅಷ್ಟೇ ಒರಟು. ಒಂದೇ ದೊಡ್ಡ ಘಾಟಿ ಹತ್ತುವುದಕ್ಕಿಂತ ಮೂವತ್ತು ಮೀಟರಿನ ಇಪ್ಪತ್ತು ದಿಬ್ಬ ಹತ್ತುವುದು ಜಾಸ್ತಿ ದಣಿಸುತ್ತದೆ ಅಂತ ಸುಮಾರು ಜನ ಹೇಳುತ್ತಾರೆ, ನಾನೂ ಒಪ್ಪುತ್ತೇನೆ. ಘಾಟಿಯಲ್ಲಿ ಒಂದು ಲಯ ಸಿಗುತ್ತದೆ. ಇಲ್ಲಿ ಲಯ ಸಿಗುವಷ್ಟರಲ್ಲಿ ದಿಬ್ಬ ಮುಗಿದಿರುತ್ತದೆ.

ಇನ್ನೊಂದು ವಿಷಯ. ನದಿ ಪಕ್ಕದ ರಸ್ತೆ ಎಂದಾಕ್ಷಣ ಸಮತಟ್ಟು ಅಂದುಕೊಳ್ಳಬೇಡಿ. ಕೆಳಭಾಗದಲ್ಲಿ, ನದಿ ಅಗಲವಾಗಿ ಬಯಲಿನಲ್ಲಿ ಹರಿಯುವ ಕಡೆ, ಅದು ನಿಜ. ಮೇಲ್ಭಾಗದಲ್ಲಿ ನದಿ ಕಮರಿ ಕೊರೆದುಕೊಂಡು ಹೋಗುವ ಕಡೆ ರಸ್ತೆಗೆ ದಡದಲ್ಲಿ ಜಾಗವೇ ಇರುವುದಿಲ್ಲ. ಅದು ಗುಡ್ಡದ ಮೈ ಹತ್ತುತ್ತದೆ, ಒಂದು ಮೂಲೆ ಸುತ್ತುತ್ತದೆ, ಉಪಹೊಳೆ ಬಂದಾಗ ಸೇತುವೆಗೆ ಇಳಿಯುತ್ತದೆ, ಮತ್ತೆ ಹತ್ತುತ್ತದೆ. ಅಂಥ ಜಾಗದಲ್ಲಿ ಹಳೇ ರೈಲು ಮಾರ್ಗ ಏನಾದರೂ ಇದೆಯಾ ನೋಡಿ. ರೈಲಿಗೆ ಕಡಿದಾದ ಏರು ಆಗಿಬರುವುದಿಲ್ಲ, ಸಾಮಾನ್ಯವಾಗಿ ನೂರಕ್ಕೆ ಎರಡು ಮೂರು ಮೀಟರಿನೊಳಗೇ ಇರುತ್ತದೆ. ಹಳಿ ಕಿತ್ತು ಸೈಕಲ್ ದಾರಿ ಮಾಡಿದ ಕಡೆ ಆ ಪುಣ್ಯ ನಮಗೆ ಸಿಗುತ್ತದೆ. ಕಾಲುವೆ ದಂಡೆಯ ಹಳೇ ದಾರಿಗಳೂ ಹೀಗೇ. ದೋಣಿಗಳನ್ನು ಮೇಲೆತ್ತುವ ಲಾಕ್ ಗೇಟುಗಳ ಹತ್ತಿರ ಒಂದು ಸಣ್ಣ ಏರು, ಉಳಿದದ್ದೆಲ್ಲ ಸಪಾಟು.

ಅಮೆರಿಕದಲ್ಲಿ ಇವೆರಡೂ ಒಂದೇ ದಾರಿಯಲ್ಲಿ ಸಿಗುತ್ತವೆ. ಪಿಟ್ಸ್‌ಬರ್ಗ್‌ನಿಂದ ಕಂಬರ್‌ಲ್ಯಾಂಡ್‌ವರೆಗೆ ಸುಮಾರು 240 ಕಿಲೋಮೀಟರ್ ಹಳೇ ರೈಲು ದಾರಿ, ಗ್ರೇಟ್ ಅಲೆಗೆನಿ ಪ್ಯಾಸೇಜ್ ಅಂತ ಹೆಸರು. ಅಲ್ಲಿಂದ ವಾಷಿಂಗ್ಟನ್‌ವರೆಗೆ ಪೊಟೊಮ್ಯಾಕ್ ನದಿಯ ಪಕ್ಕದಲ್ಲಿ ಸುಮಾರು 297 ಕಿಲೋಮೀಟರ್ ಕಾಲುವೆ ದಂಡೆ. ಕಣಿವೆ ದಾರಿ ಹೇಗಿರುತ್ತದೆ ಅಂತ ಮ್ಯಾಪ್ ಮೇಲೆ ಅಭ್ಯಾಸ ಮಾಡಲು ಇದು ಒಳ್ಳೆಯ ಉದಾಹರಣೆ, ಹೋಗದಿದ್ದರೂ ತೆರೆದು ನೋಡಿ.

ಹಂತ 2: ಯಾವ ಕಡೆಯಿಂದ ಯಾವ ಕಡೆಗೆ?

ನದಿ ಹರಿಯುವ ದಿಕ್ಕಿಗೇ ಹೋದರೆ ಇಳಿಜಾರು, ಸುಲಭ. ಎಲ್ಲರೂ ಹೀಗೇ ಯೋಚಿಸುತ್ತಾರೆ ಅಲ್ವಾ? ಲೆಕ್ಕ ಹಾಕಿ ನೋಡಿದರೆ ಮಾತ್ರ ಬೇರೆಯೇ ಕಥೆ.

ಡ್ಯಾನ್ಯೂಬ್ ದಂಡೆಯಲ್ಲಿ ಜರ್ಮನಿಯ ಪಾಸೌನಿಂದ ಆಸ್ಟ್ರಿಯಾದ ವಿಯೆನ್ನಾಕ್ಕೆ ಹೋಗುವ ದಾರಿ ಯುರೋಪಿನಲ್ಲಿ ಬಹಳ ಜನ ತುಳಿಯುವ ದಾರಿಗಳಲ್ಲಿ ಒಂದು. ಮುನ್ನೂರು ಚಿಲ್ಲರೆ ಕಿಲೋಮೀಟರ್. ಇಷ್ಟುದ್ದಕ್ಕೂ ನದಿ ಇಳಿಯುವುದು 150 ಮೀಟರಿಗೂ ಕಡಿಮೆ. ಅಂದರೆ ಕಿಲೋಮೀಟರಿಗೆ ಅರ್ಧ ಮೀಟರೂ ಇಲ್ಲ! ಅಷ್ಟು ಇಳಿಜಾರು ಕಾಲಿಗೆ ಗೊತ್ತೇ ಆಗುವುದಿಲ್ಲ.

ಗಾಳಿ ಮಾತ್ರ ಚೆನ್ನಾಗೇ ಗೊತ್ತಾಗುತ್ತದೆ. ನೀವು ಗಂಟೆಗೆ 18 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದೀರಿ, ಎದುರಿನಿಂದ ಬರೀ 10 ಕಿಲೋಮೀಟರ್ ವೇಗದ ಗಾಳಿ ಬೀಸುತ್ತಿದೆ ಅಂದುಕೊಳ್ಳಿ. ಗಾಳಿಯ ತಡೆ ವೇಗದ ವರ್ಗಕ್ಕೆ ಸಮನಾಗಿ ಏರುತ್ತದೆ, ಹಾಗಾಗಿ 18ರ ಬದಲು 28ರ ಲೆಕ್ಕ. ಸುಮಾರು ಎರಡೂವರೆ ಪಟ್ಟು ತಡೆ. ಮರದ ಎಲೆ ಸಣ್ಣಗೆ ಅಲ್ಲಾಡಿಸುವ ಗಾಳಿ ಇದು, ಬಿರುಗಾಳಿ ಏನಲ್ಲ.

ಆದ್ದರಿಂದ ದಿಕ್ಕು ನಿರ್ಧರಿಸಬೇಕಾದದ್ದು ಗಾಳಿ. ಪಶ್ಚಿಮ ಯುರೋಪಿನಲ್ಲಿ ಜಾಸ್ತಿ ದಿನ ಬೀಸುವುದು ಪಶ್ಚಿಮದ ಗಾಳಿ. ಡ್ಯಾನ್ಯೂಬ್ ಪೂರ್ವಕ್ಕೆ ಹರಿಯುತ್ತದೆ, ಅಲ್ಲಿ ನೀರಿನ ಜೊತೆ ಹೋದರೆ ಗಾಳಿಯೂ ಬೆನ್ನಿಗೆ. ಫ್ರಾನ್ಸಿನ ಲ್ವಾರ್ ನದಿ ಕೆಳಭಾಗದಲ್ಲಿ ಪಶ್ಚಿಮಕ್ಕೆ ಹರಿದು ಅಟ್ಲಾಂಟಿಕ್ ಸೇರುತ್ತದೆ. ಅಲ್ಲಿ ಸಮುದ್ರದ ಕಡೆಯಿಂದ ಒಳನಾಡಿಗೆ, ಅಂದರೆ ನೀರಿಗೆ ಎದುರಾಗಿ ಹೋಗುವುದೇ ಜಾಣತನ. ರೋನ್ ಕಣಿವೆಯಲ್ಲಿ ಮಿಸ್ಟ್ರಾಲ್ ಅನ್ನುವ ಉತ್ತರದ ಗಾಳಿ ಬೀಸಿದರೆ ದಕ್ಷಿಣಕ್ಕೆ ಹೋಗುವವರಿಗೆ ಹಬ್ಬ, ಉತ್ತರಕ್ಕೆ ಹೋಗುವವರು ಅವತ್ತು ರೈಲು ಹತ್ತುವುದೇ ವಾಸಿ.

ಇದರ ಜೊತೆಗೆ ಕಣಿವೆಗಳಿಗೇ ಅಂತ ಒಂದು ದಿನಚರಿ ಗಾಳಿ ಇರುತ್ತದೆ. ಬಿಸಿಲಿಗೆ ಗುಡ್ಡದ ಮೈ ಕಾದು ಗಾಳಿ ಮೇಲೇಳುತ್ತದೆ, ಆ ಜಾಗಕ್ಕೆ ಕೆಳಗಿನಿಂದ ಗಾಳಿ ನುಗ್ಗುತ್ತದೆ. ಹಾಗಾಗಿ ಗುಡ್ಡಗಾಡಿನ ಕಣಿವೆಗಳಲ್ಲಿ ಬಿಸಿಲಿನ ದಿನ ಮಧ್ಯಾಹ್ನ ಗಾಳಿ ಕೆಳಗಿನಿಂದ ಮೇಲಕ್ಕೆ ಬೀಸುತ್ತದೆ. ರಾತ್ರಿ ತಂಪಾದ ಮೇಲೆ ಉಲ್ಟಾ, ಬೆಳಗಿನ ಜಾವದವರೆಗೂ ಮೇಲಿನಿಂದ ಕೆಳಕ್ಕೆ. ಇಳಿಜಾರಿನ ಕಣಿವೆಯಲ್ಲಿ ಕೆಳಕ್ಕೆ ಹೋಗುವವರು ಬೆಳಿಗ್ಗೆ ಬೇಗ ಹೊರಟು ಮಧ್ಯಾಹ್ನಕ್ಕೆ ಮುಗಿಸಬೇಕು. ಮೇಲಕ್ಕೆ ಹತ್ತುವವರು ಆರಾಮಾಗಿ ತಿಂಡಿ ತಿಂದು, ಸ್ವಲ್ಪ ತಡವಾಗಿ ಹೊರಟರೂ ಗಾಳಿ ತಳ್ಳಿಕೊಡುತ್ತದೆ. ಸೋಮಾರಿಗಳಿಗೆ ಮೇಲ್ಮುಖದ ದಾರಿಯೇ ಸರಿ ಅನ್ನಿಸುತ್ತದೆ ನನಗೆ.

ದೊಡ್ಡ ಏರು ಇರುವ ದಾರಿಯಲ್ಲಿ ಮಾತ್ರ ಗಾಳಿಯ ಜೊತೆಗೆ ಇಳಿಜಾರನ್ನೂ ನೋಡಿ. ಮೇಲೆ ಹೇಳಿದ ಅಲೆಗೆನಿ ದಾರಿಯ ಅತಿ ಎತ್ತರದ ಜಾಗ ಸುಮಾರು 729 ಮೀಟರ್. ಕಂಬರ್‌ಲ್ಯಾಂಡ್ ಕಡೆಯಿಂದ ಹೊರಟರೆ ಅದನ್ನು 38 ಕಿಲೋಮೀಟರಿನಲ್ಲಿ ಹತ್ತಬೇಕು. ಪಿಟ್ಸ್‌ಬರ್ಗ್ ಕಡೆಯಿಂದಾದರೆ ಸುಮಾರು 200 ಕಿಲೋಮೀಟರಿನಲ್ಲಿ ನಿಧಾನಕ್ಕೆ, ಹತ್ತಿದ್ದೇ ಗೊತ್ತಾಗದ ಹಾಗೆ.

ಹಂತ 3: ಯಾವ ದಡ?

ನದಿಗೆ ಎರಡು ದಡ. ಸಾಮಾನ್ಯವಾಗಿ ಒಂದರಲ್ಲಿ ದೊಡ್ಡ ರಸ್ತೆ, ಲಾರಿ, ಬಸ್ಸು. ಇನ್ನೊಂದರಲ್ಲಿ ಹಳ್ಳಿಗಳನ್ನು ಹೆಣೆದುಕೊಂಡು ಹೋಗುವ ಸಣ್ಣ ರಸ್ತೆ. ನಿಮ್ಮದು ಆ ಇನ್ನೊಂದು ದಡ. ಸ್ವಲ್ಪ ಸುತ್ತಾದರೂ, ರಸ್ತೆ ಸ್ವಲ್ಪ ಹಾಳಾಗಿದ್ದರೂ ಅದೇ.

ಆದರೆ ಆ ದಡದಲ್ಲಿ ಅಂಗಡಿ ಕಡಿಮೆ, ರಸ್ತೆ ನಡುವೆ ನಿಂತುಹೋಗುವ ಸಾಧ್ಯತೆ ಜಾಸ್ತಿ. ಅದಕ್ಕೇ ಸೇತುವೆಗಳನ್ನೆಲ್ಲ ಮೊದಲೇ ಗುರುತು ಹಾಕಿಕೊಳ್ಳಿ. ಒಂದು ಸೇತುವೆಯಿಂದ ಮುಂದಿನದಕ್ಕೆ ಎಷ್ಟು ದೂರ ಅಂತ ಬರೆದಿಟ್ಟುಕೊಳ್ಳಿ. ಇಪ್ಪತ್ತು ಕಿಲೋಮೀಟರ್ ಸೇತುವೆಯೇ ಇಲ್ಲದ ಕಡೆ ತಪ್ಪು ದಡದಲ್ಲಿ ಸಿಕ್ಕಿಕೊಂಡರೆ ವಾಪಸ್ ಬರುವುದೊಂದೇ ದಾರಿ. ಕೆಲವು ಕಡೆ ದೋಣಿ ಇರುತ್ತದೆ. ಡ್ಯಾನ್ಯೂಬ್ ನದಿ ಆಸ್ಟ್ರಿಯಾದ ಶ್ಲೋಗೆನ್ ಹತ್ತಿರ ಬಂದ ದಾರಿಗೇ ವಾಪಸ್ ಹೋಗುತ್ತದೇನೋ ಅನ್ನುವಷ್ಟು ಬಾಗುತ್ತದೆ, ಅಲ್ಲಿ ಸೈಕಲ್ ಸವಾರರಿಗೆ ಅಂತಲೇ ದೋಣಿ ಓಡುತ್ತದೆ. ದೋಣಿಯನ್ನು ನಂಬಿಕೊಂಡು ಪ್ಲಾನ್ ಮಾಡುವವರು ಮೂರು ವಿಷಯ ಕೇಳಿಟ್ಟುಕೊಳ್ಳಬೇಕು: ಯಾವ ತಿಂಗಳುಗಳಲ್ಲಿ ಓಡುತ್ತದೆ, ಸಂಜೆ ಕೊನೆಯ ಟ್ರಿಪ್ ಎಷ್ಟಕ್ಕೆ, ನೀರು ಏರಿದರೆ ನಿಲ್ಲಿಸುತ್ತಾರಾ.

ಬಿಸಿಲಿನ ಲೆಕ್ಕವೂ ಇದೆ. ಉತ್ತರ ದಕ್ಷಿಣವಾಗಿ ಹರಿಯುವ ಆಳದ ಕಣಿವೆಯಲ್ಲಿ ಬೆಳಿಗ್ಗೆ ಪೂರ್ವದ ದಡಕ್ಕೆ ಗುಡ್ಡದ ನೆರಳು, ಮಧ್ಯಾಹ್ನದ ಮೇಲೆ ಪಶ್ಚಿಮದ ದಡಕ್ಕೆ. ಬೇಸಿಗೆಯಲ್ಲಿ ಊಟಕ್ಕೆ ನಿಂತಾಗ ಸೇತುವೆ ದಾಟಿಕೊಂಡರೆ ದಿನವೆಲ್ಲ ನೆರಳಲ್ಲೇ ಹೋಗಬಹುದು. ಚಳಿಗಾಲದಲ್ಲಿ ಇದನ್ನೇ ತಿರುಗಿಸಿ ಮಾಡಿ.

ನದಿ ಸುತ್ತು ಹಾಕುವ ಕಡೆ ಅಡ್ಡದಾರಿ ಹಿಡಿಯುವ ಆಸೆಯಾಗುತ್ತದೆ. ಜರ್ಮನಿಯ ಮೊಸೆಲ್ ನದಿ ಟ್ರಿಯರ್‌ನಿಂದ ಕೊಬ್ಲೆಂಜ್‌ಗೆ ಹೋಗಲು ಸುಮಾರು 190 ಕಿಲೋಮೀಟರ್ ಹರಿಯುತ್ತದೆ, ನೇರ ಗೆರೆ ಎಳೆದರೆ ಅದರ ಅರ್ಧ. ಮಧ್ಯದಲ್ಲಿ ಒಂದು ಸುತ್ತು ತಪ್ಪಿಸೋಣ ಅಂತ ದಿಬ್ಬ ಹತ್ತಿದರೆ ಉಳಿದ ಕಿಲೋಮೀಟರುಗಳೆಲ್ಲ ಏರಿನಲ್ಲೇ ಹೋಗುತ್ತವೆ. ಬ್ಯಾಗ್ ಹೊತ್ತ ಸೈಕಲ್ಲಿಗೆ ಸುತ್ತೇ ಹತ್ತಿರ.

ಹಂತ 4: ದಿನದ ಲೆಕ್ಕ ಗಂಟೆಯಲ್ಲಿ ಹಾಕಿ

ನೀವು 70 ಕಿಲೋ, ಸೈಕಲ್ 14, ಲಗೇಜ್ 16. ಒಟ್ಟು 100 ಕಿಲೋ ಅಂದುಕೊಳ್ಳೋಣ. ಇದನ್ನು 100 ಮೀಟರ್ ಎತ್ತರಕ್ಕೆ ಎತ್ತಲು ಸುಮಾರು 98,000 ಜೂಲ್ ಬೇಕು. ದಿನವಿಡೀ ತುಳಿಯಬಲ್ಲ ಒಬ್ಬ ಸಾಮಾನ್ಯ ಸವಾರ ಏರಿನಲ್ಲಿ 120 ವ್ಯಾಟ್ ಹಾಕಿದರೆ ಇದಕ್ಕೇ ಹದಿಮೂರು ಹದಿನಾಲ್ಕು ನಿಮಿಷ. ಅದರಲ್ಲಿ ಒಂದಿಷ್ಟು ಮುಂದಕ್ಕೂ ಹೋಗಿರುತ್ತೀರಿ, ಇಳಿಜಾರಿನಲ್ಲಿ ಸ್ವಲ್ಪ ವಾಪಸ್ ಬರುತ್ತದೆ. ಎಲ್ಲ ಕಳೆದು ಕೂಡಿದರೆ ಪ್ರತಿ 100 ಮೀಟರ್ ಏರಿಗೆ ಹತ್ತು ನಿಮಿಷ ಸೇರಿಸುವುದು ಒಂದು ನಂಬಬಹುದಾದ ಅಂದಾಜು.

ಸಮತಟ್ಟಿನಲ್ಲಿ ಲಗೇಜ್ ಜೊತೆ ಗಂಟೆಗೆ 15 ಕಿಲೋಮೀಟರ್ ಇಟ್ಟುಕೊಳ್ಳಿ. 55 ಕಿಲೋಮೀಟರ್, 300 ಮೀಟರ್ ಏರಿನ ಕಣಿವೆ ದಾರಿಗೆ ನಾಲ್ಕು ಗಂಟೆ ಹತ್ತು ನಿಮಿಷ. ಅದೇ 55 ಕಿಲೋಮೀಟರಿಗೆ 1,100 ಮೀಟರ್ ಏರಿದ್ದರೆ ಐದೂವರೆ ಗಂಟೆ. ಇದು ಬರೀ ತುಳಿಯುವ ಹೊತ್ತು. ಊಟ, ನೀರು, ಫೋಟೋ, ದಾರಿ ಕೇಳುವುದು, ಸುಮ್ನೆ ಸೇತುವೆ ಮೇಲೆ ನಿಲ್ಲುವುದು ಎಲ್ಲಕ್ಕೂ ಅರ್ಧದಷ್ಟು ಸೇರಿಸಿ. ಮೊದಲ ಎರಡು ದಿನ ನಾಲ್ಕು ಗಂಟೆಯ ತುಳಿತಕ್ಕೆ ಮೀರಬೇಡಿ, ಮೊಣಕಾಲು ಮತ್ತು ಕೂರುವ ಜಾಗ ಒಗ್ಗಿಕೊಂಡ ಮೇಲೆ ಏರಿಸಬಹುದು.

ಕಿಲೋಮೀಟರಿಗೆ ಎಷ್ಟು ಮೀಟರ್ ಏರು ಅಂತ ಭಾಗಿಸಿ ನೋಡುವುದೂ ಒಳ್ಳೆಯ ಅಭ್ಯಾಸ. ಐದರ ಒಳಗಿದ್ದರೆ ಕಣಿವೆ ದಾರಿ. ಹತ್ತರ ಆಸುಪಾಸು ಅಲೆಅಲೆ ನಾಡು. ಇಪ್ಪತ್ತು ಬಂತೆಂದರೆ ಆ ದಿನ ದೂರ ಕಡಿಮೆ ಮಾಡಿ.

ಆ್ಯಪ್ ತೋರಿಸುವ ಏರಿನ ಅಂಕಿಯನ್ನು ಕಣ್ಣು ಮುಚ್ಚಿ ನಂಬಬೇಡಿ. ಕೊಮೂಟ್, ರೈಡ್‌ವಿತ್‌ಜಿಪಿಎಸ್, ಬಿರೌಟರ್, ಯಾವುದೇ ಆದರೂ ಎತ್ತರವನ್ನು ಒಂದು ಚೌಕಳಿ ಲೆಕ್ಕದಿಂದ ತೆಗೆಯುತ್ತವೆ. ಬಹಳ ಕಡೆ ಬಳಕೆಯಾಗುವ ಎಸ್‌ಆರ್‌ಟಿಎಂ ಮಾಹಿತಿ 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ರೇಡಾರ್ ಹಾಯಿಸಿ ಅಳೆದದ್ದು, ಅದರ ಒಂದು ಚೌಕ ಸುಮಾರು 30 ಮೀಟರ್ ಅಗಲ, ಹಳೇ ಆವೃತ್ತಿಯಲ್ಲಿ 90 ಮೀಟರ್. ಬಯಲಿನಲ್ಲಿ ಇದರಿಂದ ತೊಂದರೆ ಇಲ್ಲ. ಕಿರಿದಾದ ಕಣಿವೆಯಲ್ಲಿ ರಸ್ತೆ ಬಂಡೆಯ ಬುಡದಲ್ಲಿ ಹೋಗುತ್ತಿದ್ದರೆ ಅದೇ ಚೌಕದಲ್ಲಿ ಬಂಡೆಯ ಮೇಲ್ಭಾಗವೂ ಬರುತ್ತದೆ, ಆ್ಯಪ್‌ಗೆ ರಸ್ತೆ ದಿಢೀರನೆ ನಲವತ್ತು ಮೀಟರ್ ಹಾರಿದ ಹಾಗೆ ಕಾಣುತ್ತದೆ. ಎತ್ತರದ ಸೇತುವೆ ಇದ್ದರೆ ಉಲ್ಟಾ, ಕೆಳಗಿನ ಹಳ್ಳದ ಎತ್ತರ ತೆಗೆದುಕೊಂಡು ನಿಮ್ಮನ್ನು ಹಳ್ಳಕ್ಕಿಳಿಸಿ ಹತ್ತಿಸಿಬಿಡುತ್ತದೆ. ಸುರಂಗದಲ್ಲಿ ಗುಡ್ಡದ ನೆತ್ತಿಯನ್ನೇ ಹತ್ತಿಸುತ್ತದೆ. ಗ್ರಾಫ್‌ನಲ್ಲಿ ಸೂಜಿ ಮೊನೆಯಂಥ ಏರಿಳಿತ ಕಂಡರೆ ಆ ಜಾಗವನ್ನು ಮ್ಯಾಪ್‌ನಲ್ಲಿ ದೊಡ್ಡದು ಮಾಡಿ ನೋಡಿ, ಸೇತುವೆಯೋ ಸುರಂಗವೋ ಬಂಡೆಯೋ ಸಿಕ್ಕೇ ಸಿಗುತ್ತದೆ.

ಅನುಮಾನ ಬಂದರೆ ಕೈಯಲ್ಲೇ ಎಣಿಸಿ. ಗೆರೆಗಳ ನಡುವಿನ ಎತ್ತರ 10 ಮೀಟರ್, ರಸ್ತೆ ಎರಡು ಕಿಲೋಮೀಟರಿನಲ್ಲಿ ಒಂಬತ್ತು ಗೆರೆ ದಾಟಿತು ಅಂದರೆ 90 ಮೀಟರ್ ಏರು, ನೂರಕ್ಕೆ ನಾಲ್ಕೂವರೆ. ಆರಾಮಾಗಿ ಹತ್ತಬಹುದು. ಅದೇ ಒಂಬತ್ತು ಗೆರೆ ಒಂದೇ ಕಿಲೋಮೀಟರಿನಲ್ಲಿ ಬಂದರೆ ನೂರಕ್ಕೆ ಒಂಬತ್ತು. ತಳ್ಳಲು ಚಪ್ಪಲಿ ಗಟ್ಟಿ ಇರಲಿ.

ಹಂತ 5: ಕಾಲ ಮತ್ತು ನೆರೆ

ನದಿ ಪಕ್ಕದ ದಾರಿಗೆ ಮಳೆಗಾಲದಲ್ಲಿ ಮುಳುಗುವ ಅಭ್ಯಾಸವಿದೆ. ಮಳೆ ನೀವಿರುವ ಕಡೆಯೇ ಆಗಬೇಕಿಲ್ಲ, ನೂರಾರು ಕಿಲೋಮೀಟರ್ ಮೇಲೆ ಬಿದ್ದ ಮಳೆ ಒಂದೆರಡು ದಿನ ಬಿಟ್ಟು ನಿಮ್ಮ ದಾರಿಗೆ ಬರುತ್ತದೆ. 2013ರ ಜೂನ್‌ನಲ್ಲಿ ಪಾಸೌ ಊರಿಗೇ ಡ್ಯಾನ್ಯೂಬ್ ನುಗ್ಗಿತ್ತು, ಅಲ್ಲಿ ಜೂನ್ ಅಂದರೆ ಸೈಕಲ್ ಸೀಸನ್ನಿನ ನಡುಮಧ್ಯ. ಅದಕ್ಕೇ ಹವಾಮಾನ ನೋಡುವಾಗ ನಿಮ್ಮ ಊರಿನದಲ್ಲ, ನದಿಯ ಮೇಲ್ಭಾಗದ್ದು ನೋಡಿ. ನೀರಿನ ಮಟ್ಟ ಪ್ರಕಟಿಸುವ ನದಿಯಾದರೆ ಅದನ್ನೂ ದಿನಾ ನೋಡಿ. ದಿನದ ಪ್ರತಿ ಭಾಗಕ್ಕೂ ಒಂದು ಮೇಲಿನ ರಸ್ತೆ ಗುರುತಿಟ್ಟುಕೊಂಡಿರಿ, ಗುಡ್ಡದ ಅಂಚಿನಲ್ಲಿ ಹೋಗುವಂಥದ್ದು.

ನೀರು ಇಳಿದ ಮೇಲೂ ಎರಡು ದಿನ ಎಚ್ಚರ ಬೇಕು. ಹೂಳು ತೆಳ್ಳಗೆ ಕೂತ ಟಾರು ದಾರಿ ಒಣಗಿದ ಹಾಗೆ ಕಾಣುತ್ತದೆ, ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಗೊತ್ತಾಗುತ್ತದೆ ಅದರ ಬಣ್ಣ. ಒದ್ದೆ ಮರದ ಹಲಗೆಯ ಸೇತುವೆಗಳೂ ಅಷ್ಟೇ, ಅಲ್ಲಿ ಹ್ಯಾಂಡಲ್ ತಿರುಗಿಸಬೇಡಿ, ಬ್ರೇಕ್ ಹಿಡಿಯಬೇಡಿ, ನೇರ ಸಾಗಿ. ನೀರು ಹರಿಯುತ್ತಿರುವ ರಸ್ತೆಗೆ ಇಳಿಯಲೇಬೇಡಿ, ಮೊಣಕಾಲುದ್ದ ಹರಿಯುವ ನೀರು ಬ್ಯಾಗ್ ಕಟ್ಟಿದ ಸೈಕಲ್ಲನ್ನು ಕೈಯಿಂದ ಕಿತ್ತುಕೊಳ್ಳುತ್ತದೆ.

ಕಣಿವೆಯಲ್ಲಿ ಬೆಳಗಿನ ಮಂಜು ಮಾಮೂಲು. ತಣ್ಣನೆ ಗಾಳಿ ಭಾರ, ಅದು ರಾತ್ರಿಯೆಲ್ಲ ಕೆಳಕ್ಕಿಳಿದು ನದಿಯ ಮೇಲೆ ನಿಲ್ಲುತ್ತದೆ. ಹಿಂದಿನ ಕೆಂಪು ದೀಪ ಹಗಲಲ್ಲೂ ಉರಿಯಲಿ.

ಹಂತ 6: ಸೈಕಲ್. ಎಲ್ಲಕ್ಕಿಂತ ಮೊದಲು ಗೇರ್

ಹೊಸ ಸೈಕಲ್ ಬೇಕೇಬೇಕು ಅಂತೇನಿಲ್ಲ. ಹಿಂದೆ ಕ್ಯಾರಿಯರ್ ಕಟ್ಟಲು ಜಾಗ, 35ರಿಂದ 45 ಮಿಲಿಮೀಟರ್ ಅಗಲದ ಟೈರ್, ಗಟ್ಟಿ ಚಕ್ರ, ಇಷ್ಟಿದ್ದರೆ ಯಾವ ಸೈಕಲ್ಲಾದರೂ ಸರಿ. ಹಿಂದಿನ ಚಕ್ರಕ್ಕೆ 32 ಅಥವಾ 36 ಕಡ್ಡಿಗಳಿರಲಿ, ಲಗೇಜಿನ ಭಾರವೆಲ್ಲ ಅಲ್ಲೇ ಬೀಳುವುದು.

ನಾನು ಹಟ ಹಿಡಿಯುವುದು ಗೇರ್ ಒಂದಕ್ಕೇ. ಅಂಗಡಿಯಲ್ಲಿ ಸಿಗುವ ಬಹಳಷ್ಟು ಸೈಕಲ್‌ಗಳಲ್ಲಿ ಅತಿ ಹಗುರ ಗೇರ್ ಲಗೇಜಿಗೆ ಸಾಲುವುದಿಲ್ಲ. ಲೆಕ್ಕ ನೋಡಿ. 100 ಕಿಲೋ ತೂಕ, ನೂರಕ್ಕೆ ಎಂಟರ ಏರು, 120 ವ್ಯಾಟ್. ವೇಗ ಗಂಟೆಗೆ 5 ಕಿಲೋಮೀಟರ್ ಆಸುಪಾಸು ಬರುತ್ತದೆ, ಜಾಸ್ತಿ ಸಾಧ್ಯವೇ ಇಲ್ಲ. ಈಗ ಮುಂದೆ, ಪೆಡಲ್ ಹತ್ತಿರದ ಹಲ್ಲಿನ ಚಕ್ರಕ್ಕೆ 30 ಹಲ್ಲು, ಹಿಂದಿನ ದೊಡ್ಡ ಹಲ್ಲಿನ ಚಕ್ರಕ್ಕೆ 34 ಹಲ್ಲು ಇದ್ದರೆ, 35 ಮಿಲಿಮೀಟರ್ ಟೈರಿನ 700 ಅಳತೆಯ ಚಕ್ರಕ್ಕೆ ಪೆಡಲ್ ಒಂದು ಸುತ್ತು ಬಂದಾಗ ಸೈಕಲ್ ಸುಮಾರು 1.9 ಮೀಟರ್ ಮುಂದೆ ಹೋಗುತ್ತದೆ. 5 ಕಿಲೋಮೀಟರ್ ವೇಗಕ್ಕೆ ನಿಮಿಷಕ್ಕೆ 44 ಸುತ್ತು. ಅದು ತುಳಿಯುವುದಲ್ಲ, ಒತ್ತುವುದು. ಮೊಣಕಾಲು ನೋವು ಶುರುವಾಗುವುದೇ ಇಲ್ಲಿ. ಮುಂದೆ 22, ಹಿಂದೆ 34 ಇದ್ದರೆ ಅದೇ ವೇಗಕ್ಕೆ ನಿಮಿಷಕ್ಕೆ 60 ಸುತ್ತು. ಉಸಿರು ಬಿಡುತ್ತಾ ಹತ್ತಬಹುದು. ಮುಂದಿನ ಹಲ್ಲಿಗಿಂತ ಹಿಂದಿನ ಹಲ್ಲು ಸಾಕಷ್ಟು ಜಾಸ್ತಿ ಇರಬೇಕು ಅಂತ ನೆನಪಿಟ್ಟರೆ ಸಾಕು. ಇರುವ ಸೈಕಲ್ಲಿಗೆ ಹಿಂದಿನ ಕ್ಯಾಸೆಟ್, ಅಂದರೆ ಹಲ್ಲಿನ ಚಕ್ರಗಳ ಗುಚ್ಛ, ಬದಲಾಯಿಸುವುದು ಹೊಸ ಸೈಕಲ್ ಕೊಳ್ಳುವುದಕ್ಕಿಂತ ಎಷ್ಟೋ ಅಗ್ಗ. ಚೈನನ್ನು ಒಂದು ಹಲ್ಲಿನ ಚಕ್ರದಿಂದ ಇನ್ನೊಂದಕ್ಕೆ ಸರಿಸುವ ಹಿಂದಿನ ಡಿರೇಲರ್ ಎಷ್ಟು ದೊಡ್ಡ ಹಲ್ಲಿನ ಚಕ್ರ ತಡೆದುಕೊಳ್ಳುತ್ತದೆ ಅಂತ ಮಾತ್ರ ಮೆಕ್ಯಾನಿಕ್ ಹತ್ತಿರ ಮೊದಲೇ ಕೇಳಿ.

ಹೊರಡುವ ಮುಂಚೆ ಚೈನ್ ಅಳೆಯಿರಿ. ಹೊಸ ಚೈನಿನಲ್ಲಿ ಹನ್ನೆರಡು ಜೋಡಿ ಕೊಂಡಿಗಳ ಉದ್ದ, ಪಿನ್ನಿನಿಂದ ಪಿನ್ನಿಗೆ, 304.8 ಮಿಲಿಮೀಟರ್. 306.3 ಆಗಿದ್ದರೆ ಅರ್ಧ ಶೇಕಡಾ ಸವೆದಿದೆ, ಉದ್ದದ ಟೂರ್‌ಗೆ ಹೊಸದು ಹಾಕಿಸಿ. ಬ್ರೇಕ್ ಪ್ಯಾಡ್ ಅರ್ಧಕ್ಕಿಂತ ಕಡಿಮೆ ಉಳಿದಿದ್ದರೆ ಅದನ್ನೂ.

ಹಂತ 7: ಲಗೇಜ್

ಕಡಿಮೆ. ಇಷ್ಟೇ ಹೇಳಬೇಕಾದದ್ದು. ಎರಡು ಜೊತೆ ಸೈಕಲ್ ಬಟ್ಟೆ, ಒಂದು ರಾತ್ರಿಯ ಜೊತೆ, ಮಳೆ ಕೋಟು, ಟ್ಯೂಬ್ ಎರಡು, ಪ್ಯಾಚ್, ಟೈರ್ ಲಿವರ್, ಪಂಪ್, ಅಲೆನ್ ಕೀ, ಚೈನ್ ತುಂಡರಿಸುವ ಟೂಲ್, ಔಷಧಿ, ಪವರ್ ಬ್ಯಾಂಕ್. ಭಾರದ್ದು ಬ್ಯಾಗಿನ ತಳದಲ್ಲಿ, ಚಕ್ರದ ಅಚ್ಚಿಗೆ ಹತ್ತಿರ. ಎಡ ಬಲ ತೂಕ ಸಮ. ಬೆನ್ನಿಗೆ ಬ್ಯಾಗ್ ಹಾಕಬೇಡಿ. ಎಲ್ಲ ಕಟ್ಟಿದ ಮೇಲೆ ಮನೆ ಹತ್ತಿರದ ಯಾವುದಾದರೂ ಏರಿನಲ್ಲಿ ಒಂದು ಗಂಟೆ ತುಳಿದು ನೋಡಿ, ಬ್ಯಾಗಿಗೆ ಹಿಮ್ಮಡಿ ತಾಗುತ್ತಾ ಇಲ್ವಾ ಅಂತ ಅಲ್ಲೇ ಗೊತ್ತಾಗಲಿ.

ಹಂತ 8: ದಿಬ್ಬಗಳ ಮೇಲೆ

ಅಲೆಅಲೆ ದಾರಿಯಲ್ಲಿ ಗೆಲ್ಲುವುದು ಗೇರ್ ಬದಲಿಸುವ ಸಮಯಪ್ರಜ್ಞೆ. ಇಳಿಜಾರು ಮುಗಿಯುವ ಮುಂಚೆಯೇ ತುಳಿಯಲು ಶುರು ಮಾಡಿ. ತಳದಲ್ಲಿ ವೇಗ ಇರುವಾಗ ದೊಡ್ಡ ಗೇರಿನಲ್ಲೇ ಎದುರಿನ ಏರಿಗೆ ನುಗ್ಗಿ, ಕಾಲು ಭಾರವಾಗುತ್ತಿದೆ ಅನ್ನಿಸುವ ಒಂದು ಕ್ಷಣ ಮೊದಲು ಒಂದೊಂದೇ ಗೇರ್ ಇಳಿಸಿ. ಪೂರ್ತಿ ಒತ್ತಡ ಹಾಕಿಕೊಂಡು ಬದಲಿಸಿದರೆ ಚೈನ್ ಕಟಕಟ ಅನ್ನುತ್ತದೆ, ಲಗೇಜ್ ಭಾರಕ್ಕೆ ತುಂಡಾದರೂ ಆಯಿತು. ಬದಲಿಸುವ ಅರ್ಧ ಸುತ್ತು ಕಾಲು ಹಗುರ ಮಾಡಿ.

ಏರಿನ ಬುಡದಲ್ಲಿ ಹುಮ್ಮಸ್ಸು ತೋರಿಸಬೇಡಿ. ಮಾತಾಡುತ್ತಾ ಹತ್ತುವಷ್ಟು ಉಸಿರು ಉಳಿದಿರಬೇಕು. ನೆತ್ತಿ ತಲುಪಿದ ಕೂಡಲೇ ನಿಲ್ಲಿಸುವ ಅಭ್ಯಾಸ ಎಲ್ಲರಿಗೂ ಇರುತ್ತದೆ. ಅಲ್ಲಿ ಹತ್ತು ಸುತ್ತು ಜಾಸ್ತಿ ತುಳಿದು ವೇಗ ಹಿಡಿಸಿ, ಆಮೇಲೆ ಕಾಲು ಬಿಡಿ. ಆ ಹತ್ತು ಸುತ್ತಿನ ಫಲ ಮುಂದಿನ ದಿಬ್ಬದ ಅರ್ಧದವರೆಗೂ ಬರುತ್ತದೆ.

ಇಳಿಯುವಾಗ ನೆನಪಿರಲಿ, 40ರ ವೇಗದಲ್ಲಿರುವ ಶಕ್ತಿ 20ರಲ್ಲಿರುವುದರ ನಾಲ್ಕು ಪಟ್ಟು. ಬ್ರೇಕನ್ನು ಸದಾ ಸವರುತ್ತಾ ಇಳಿದರೆ ರಿಮ್ಮೋ ಡಿಸ್ಕೋ ಕಾದು ಹಿಡಿತ ಬಿಡುತ್ತದೆ. ಗಟ್ಟಿಯಾಗಿ ಒಮ್ಮೆ ಹಿಡಿದು ವೇಗ ಇಳಿಸಿ, ಬಿಡಿ, ಮತ್ತೆ ಹಿಡಿಯಿರಿ. ತಿರುವಿಗೆ ಮುಂಚೆ ಬ್ರೇಕ್, ತಿರುವಿನೊಳಗೆ ಬೇಡ. ಲಗೇಜ್ ತುಂಬಿದ ಸೈಕಲ್ ಕೆಲವೊಮ್ಮೆ ವೇಗದಲ್ಲಿ ಹ್ಯಾಂಡಲ್ ನಡುಗಿಸಲು ಶುರು ಮಾಡುತ್ತದೆ. ಹೆದರಿ ಹ್ಯಾಂಡಲ್ ಬಿಗಿ ಹಿಡಿದರೆ ನಡುಕ ಜಾಸ್ತಿಯಾಗುತ್ತದೆ. ಫ್ರೇಮಿನ ಮೇಲಿನ ಪೈಪನ್ನು ಎರಡೂ ಮೊಣಕಾಲುಗಳ ನಡುವೆ ಅದುಮಿ, ಕೈ ಸಡಿಲ ಬಿಟ್ಟು, ನಿಧಾನಕ್ಕೆ ಬ್ರೇಕ್ ಹಾಕಿ. ನಿಲ್ಲುತ್ತದೆ. ಆಮೇಲೆ ಬ್ಯಾಗ್ ಸಡಿಲವಾಗಿದೆಯಾ, ತೂಕ ಒಂದೇ ಕಡೆ ವಾಲಿದೆಯಾ ನೋಡಿ.

ನೀರು ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್, ಬಿಸಿಲಿದ್ದರೆ ಇನ್ನೂ ಜಾಸ್ತಿ. ಪಕ್ಕದಲ್ಲೇ ನದಿ ಇದೆ ಅಂತ ಬಾಟಲಿ ಖಾಲಿ ಇಟ್ಟುಕೊಂಡು ಹೋಗಬೇಡಿ. ಕೆಳಭಾಗದ ನದಿಯಲ್ಲಿ ಹೊಲದ ಔಷಧಿ, ಊರಿನ ಚರಂಡಿ ಎಲ್ಲ ಸೇರಿರುತ್ತದೆ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಔಷಧಿ ಹೋಗುವುದಿಲ್ಲ.

ಹಂತ 9: ಒಂದು ಕಣಿವೆಯಿಂದ ಇನ್ನೊಂದಕ್ಕೆ

ಒಂದೇ ನದಿ ಹಿಡಿದು ಹೋಗುವುದು ಮೂರು ನಾಲ್ಕು ದಿನಕ್ಕೆ ಬೇಜಾರು ಬರಬಹುದು. ಒಳ್ಳೆಯ ಟೂರ್ ಅಂದರೆ ನನ್ನ ಲೆಕ್ಕದಲ್ಲಿ ಎರಡು ಕಣಿವೆ, ನಡುವೆ ಒಂದು ದಿಬ್ಬದ ದಿನ.

ದಾಟುವ ಜಾಗ ಹುಡುಕುವುದು ಹೀಗೆ. ನಿಮ್ಮ ನದಿಯ ಒಂದು ಉಪಹೊಳೆಯನ್ನು ಮೇಲಕ್ಕೆ ಹಿಂಬಾಲಿಸಿ, ಪಕ್ಕದ ಕಣಿವೆಯ ಒಂದು ಉಪಹೊಳೆಯನ್ನೂ ಹಾಗೇ ಹಿಂಬಾಲಿಸಿ. ಎರಡರ ತಲೆಗಳು ಹತ್ತಿರ ಬರುವ ಕಡೆ ದಿಬ್ಬದ ಬೆನ್ನು ಸಾಮಾನ್ಯವಾಗಿ ತಗ್ಗಾಗಿರುತ್ತದೆ, ಹಳೇ ರಸ್ತೆಗಳೂ ಅಲ್ಲೇ ದಾಟಿರುತ್ತವೆ. ಹೊಳೆಯ ಜೊತೆ ಹತ್ತುವ ರಸ್ತೆಗೆ ಒಂದೇ ದೋಷ, ಕೊನೆಯ ಎರಡು ಕಿಲೋಮೀಟರ್ ಕಡಿದು. ಹೊಳೆಗಳು ತಲೆಯ ಹತ್ತಿರವೇ ಜಾಸ್ತಿ ಕಡಿದಾಗಿರುವುದು. ಕಾಲಿನ ಕಸುವನ್ನು ಅಲ್ಲಿಗೆ ಉಳಿಸಿಕೊಳ್ಳಿ, ಮತ್ತು ಆ ಏರನ್ನು ಬೆಳಗಿನ ಹೊತ್ತಿಗೇ ಬರುವ ಹಾಗೆ ಹಿಂದಿನ ರಾತ್ರಿ ಬುಡದ ಊರಲ್ಲಿ ತಂಗಿ.

ಹಂತ 10: ತಂಗುವುದು

ಟೆಂಟ್ ಹಾಕುವವರಿಗೆ ನದಿ ದಂಡೆಯ ಮರಳು ಆಸೆ ಹುಟ್ಟಿಸುತ್ತದೆ. ಬೇಡ. ಮೇಲೆ ಎಲ್ಲಾದರೂ ಅಣೆಕಟ್ಟು ಇದ್ದರೆ ರಾತ್ರಿ ನೀರು ಬಿಡಬಹುದು, ಮಳೆಯಾಗಬಹುದು. ಅದೆಲ್ಲ ಇಲ್ಲದಿದ್ದರೂ ತಣ್ಣನೆ ಗಾಳಿ ಬಂದು ನಿಲ್ಲುವುದು ಅಲ್ಲೇ, ಬೆಳಿಗ್ಗೆ ಟೆಂಟ್ ಹಿಂಡಿದರೆ ನೀರು ಬರುತ್ತದೆ. ನದಿಗಿಂತ ಇಪ್ಪತ್ತು ಮೂವತ್ತು ಮೀಟರ್ ಮೇಲೆ ಹೋದರೆ ಬೆಚ್ಚಗಿರುತ್ತದೆ, ಇಬ್ಬನಿಯೂ ಕಡಿಮೆ, ಸೊಳ್ಳೆಯೂ ಕಡಿಮೆ. ಯಾರ ಜಾಗ ಅಂತ ಕೇಳಿ ಒಪ್ಪಿಗೆ ಪಡೆದು ಹಾಕಿ. ರೂಮು ಹಿಡಿಯುವವರು ಸೈಕಲ್ ಒಳಗಿಡಲು ಜಾಗ ಇದೆಯಾ ಅಂತ ಬುಕ್ ಮಾಡುವಾಗಲೇ ಕೇಳಿಬಿಡಿ.

ಕೈಕೊಟ್ಟಾಗ

ಲಗೇಜ್ ಸೈಕಲ್ಲಿನಲ್ಲಿ ಪಂಕ್ಚರ್ ಬಿಟ್ಟರೆ ಜಾಸ್ತಿ ಮುರಿಯುವುದು ಹಿಂದಿನ ಚಕ್ರದ ಕಡ್ಡಿ, ಅದೂ ಚೈನ್ ಇರುವ ಬದಿಯದ್ದು. ಒಂದು ಕಡ್ಡಿ ಮುರಿದರೆ ಪಕ್ಕದ ಕಡ್ಡಿಗೆ ಅದನ್ನು ಸುತ್ತಿ, ರಿಮ್ ಬ್ರೇಕಿಗೆ ಉಜ್ಜುತ್ತಿದ್ದರೆ ಆ ಬ್ರೇಕ್ ಸ್ವಲ್ಪ ಸಡಿಲಿಸಿ, ನಿಧಾನಕ್ಕೆ ಮುಂದಿನ ಊರಿಗೆ ಹೋಗಿ. ಹಾಗೆ ಹೋಗುವಾಗ ಇಳಿಜಾರಿನಲ್ಲಿ ಇಳಿದು ತಳ್ಳಿ. ಎರಡನೆಯದೂ ಮುರಿದರೆ ತುಳಿಯಬೇಡಿ.

ಕಣಿವೆ ದಾರಿಯ ಒಂದು ಅನುಕೂಲ ಇಲ್ಲಿ ಕೆಲಸಕ್ಕೆ ಬರುತ್ತದೆ. ರೈಲು ಹಾಕುವವರೂ ನಿಮ್ಮ ಹಾಗೇ ಸಮತಟ್ಟು ಹುಡುಕಿದವರು, ಹಾಗಾಗಿ ಬಹಳ ನದಿಗಳ ಪಕ್ಕದಲ್ಲಿ ರೈಲು ಮಾರ್ಗ ಇರುತ್ತದೆ. ಹೊರಡುವ ಮುಂಚೆಯೇ ದಾರಿಯ ಸ್ಟೇಷನ್‌ಗಳನ್ನೆಲ್ಲ ಮ್ಯಾಪ್‌ನಲ್ಲಿ ಗುರುತಿಸಿ, ಯಾವ ರೈಲಿನಲ್ಲಿ ಸೈಕಲ್ ಹಾಗೇ ಹತ್ತಿಸಬಹುದು, ಯಾವುದಕ್ಕೆ ಮುಂಗಡ ಟಿಕೆಟ್ ಬೇಕು, ಯಾವುದರಲ್ಲಿ ಚಕ್ರ ಬಿಚ್ಚಿ ಚೀಲಕ್ಕೆ ಹಾಕಲೇಬೇಕು ಅಂತ ಕೇಳಿಟ್ಟುಕೊಳ್ಳಿ. ಚೀಲ ಬೇಕಾಗುವ ರೈಲಾದರೆ ಪೆಡಲ್ ಬಿಚ್ಚುವ ಸ್ಪ್ಯಾನರ್ ನಿಮ್ಮ ಟೂಲ್ ಪೊಟ್ಟಣದಲ್ಲಿರಲಿ. ಎಡ ಪೆಡಲ್ ಉಲ್ಟಾ ಬಿಚ್ಚಿಕೊಳ್ಳುತ್ತದೆ, ಬಲಕ್ಕೆ ತಿರುಗಿಸಬೇಕು.